ಸುರಂಗದಲ್ಲಿ ಎರಡು ಹಸಿರು ದೀಪ

ಬೆಳಗಿನ ಪ್ಯಾಸೆಂಜರ್ ಗಾಡಿ ಸುರಂಗವನ್ನು ಹೊಕ್ಕಿತು, ಹೊರಗೆ ಬರಲಿಲ್ಲ. ಗಾರ್ಡ್ ಸಾಹೇಬರು ಮೊಣಕಾಲೂರಿ ಸುರಂಗದ ಬಾಯಿಗೆ ಕಣ್ಣಿಟ್ಟು ನೋಡಿದರು. ಒಳಗೆ ಎರಡು ಹಸಿರು ದೀಪಗಳು ಉರಿಯುತ್ತಿದ್ದವು. ಸುರಂಗದಲ್ಲಿ ತಾವು ಸಿಗ್ನಲ್ ನೆಟ್ಟ ನೆನಪು ಅವರಿಗಿರಲಿಲ್ಲ. ದೀಪಗಳೆರಡೂ ಒಮ್ಮೆ ಆರಿ ಮತ್ತೆ ಹೊತ್ತಿಕೊಂಡವು.

"ದೊಡ್ಡವಳೇ, ಈಚೆ ಬಾರೇ!"

ದೊಡ್ಡವಳು ಬಂದಳು, ಆದರೆ ಗುಡ್ಡವನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದಳು. ಗುಡ್ಡದ ಮೇಲಿದ್ದ ಮರಗಳು, ಮರಗಳ ಕೆಳಗಿದ್ದ ಕುರಿಗಳು, ಕುರಿಗಳನ್ನು ಕಾಯುತ್ತಿದ್ದ ಉಗುರಿನಷ್ಟು ಎತ್ತರದ ಮನುಷ್ಯ, ಎಲ್ಲರೂ ಉರುಳಿ ನೆಲ ಸೇರಿದರು.

ಗಾರ್ಡ್ ಸಾಹೇಬರು ಜನ್ಮದಲ್ಲಿ ರೈಲ್ವೆ ಇಲಾಖೆಯ ನೌಕರಿ ಮಾಡಿದವರಲ್ಲ. ಅವರದು ಕನ್ನಡಕದ ಅಂಗಡಿ. ಮನೆಯ ಮಹಡಿಯ ಕೋಣೆಯಲ್ಲಿ ಹಳಿ, ಸೇತುವೆ, ನಿಲ್ದಾಣಗಳ ಸಮೇತ ಒಂದು ಪುಟ್ಟ ರೈಲ್ವೆಯನ್ನು ಅವರು ವರ್ಷಗಟ್ಟಲೆ ಕಟ್ಟುತ್ತ ಬಂದಿದ್ದರಿಂದ ಬೀದಿಯವರು ಈ ಹುದ್ದೆಯನ್ನು ದಯಪಾಲಿಸಿದ್ದರು. ಅಂದು ಸಂಜೆ ಮಾದರಿ ರೈಲು ಸಂಘದ ಅಧ್ಯಕ್ಷರು ಪರೀಕ್ಷೆಗೆ ಬರುವವರಿದ್ದರು. ಅವರು ಮೆಚ್ಚಿದರೆ ಪ್ರದರ್ಶನದಲ್ಲಿ ಸ್ಥಾನ. ಮೆಚ್ಚದಿದ್ದರೆ ಏನೆಂಬುದನ್ನು ಹೆಂಡತಿ ಆಗಲೇ ತೀರ್ಮಾನಿಸಿದ್ದಳು.

"ಈ ಸಲವೂ ಆಗ್ಲಿಲ್ಲ ಅಂದ್ರೆ ಆ ಕೋಣೆ ಅಮ್ಮನಿಗೆ. ಮಾತು ಕೊಟ್ಟಿದ್ದೀರಿ, ನೆನಪಿರ್ಲಿ."

ಅಮ್ಮ ಎಂದರೆ ಸಾಹೇಬರ ಅತ್ತೆ. ದೊಡ್ಡವಳು, ಚಿಕ್ಕವಳು ಎಂಬ ಎರಡು ಬೆಕ್ಕುಗಳ ಜೊತೆಗೆ ಅವರು ಈ ಮನೆಗೆ ಬಂದವರು. ದೊಡ್ಡವಳಿಗೆ ಸುರಂಗವೇ ಶಯನಗೃಹ. ಚಿಕ್ಕವಳು ತಿರುವಿನಲ್ಲಿ ಹೊಂಚು ಹಾಕಿ ಕುಳಿತು, ಬಂದ ಎಂಜಿನ್ನಿಗೆಲ್ಲ ಒಂದೊಂದು ಏಟು ಕೊಡುವವಳು. ಬಾಗಿಲು ಹಾಕಿಕೊಳ್ಳೋಣವೆಂದರೆ ಘಟ್ಟದ ಲೈನು ಬಾಗಿಲಲ್ಲೇ ಹಾದು ಮಹಡಿಯ ಹಜಾರಕ್ಕೆ ಹೋಗಿ ತಿರುಗಿ ಬರುತ್ತಿತ್ತು. ಬೆಕ್ಕುಗಳನ್ನೇ ಕೂಡಿಹಾಕೋಣವೆಂದರೆ ಅತ್ತೆ, "ಹಾಕಿ ಅಪ್ಪಾ, ಹಾಕಿ. ಜೊತೇಲಿ ನನ್ನನ್ನೂ ಹಾಕಿ ಬೀಗ ಜಡೀರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಕುರಿಗಳನ್ನು ಹೆಕ್ಕುತ್ತಿದ್ದಾಗ ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು ಹೇಳದೆ ಕೇಳದೆ ಮಹಡಿ ಹತ್ತಿ ಬಂದರು. ಶಾಲೆಯಿಂದ ನಿವೃತ್ತರಾದ ಮೇಲೆ ಅವರು ಬೀದಿಗೆಲ್ಲ ಡ್ರಿಲ್ ಮಾಡಿಸುತ್ತಿದ್ದರು.

"ಕಿತ್ತಳೆ ಸಿಪ್ಪೆ ಹಾಕಿ ಸಾಹೇಬ್ರೇ! ಆ ವಾಸನೆಗೆ ಬೆಕ್ಕು ಊರು ಬಿಟ್ಟು ಓಡುತ್ತೆ."

ಸಿಪ್ಪೆ ಹಾಕಿದ್ದಾಯಿತು. ದೊಡ್ಡವಳು ಒಂದು ಸಲ ಸೀನಿ, ಸಿಪ್ಪೆಯನ್ನೇ ದಿಂಬು ಮಾಡಿಕೊಂಡು ಮಲಗಿದಳು. ಆ ವಾಸನೆಗೆ ಬಂದದ್ದು ಇರುವೆ. ಸ್ವಲ್ಪ ಹೊತ್ತಿನಲ್ಲೇ ಎರಡೂ ಹಳಿಗಳ ಮೇಲೆ, ಯಾವ ರೈಲೂ ಎಂದೂ ಪಾಲಿಸದಷ್ಟು ಶಿಸ್ತಿನಿಂದ, ಇರುವೆಗಳ ಸಂಚಾರ ಆರಂಭವಾಯಿತು.

"ಅಡುಗೆಮನೇಲಿ ಬೆಳ್ಳಿ ಕಾಗದ ಇದೆ. ಹಾಸಿ ನೋಡಿ, ಕಾಲಿಟ್ರೆ ಪರಪರ ಅನ್ನುತ್ತೆ, ಅವಕ್ಕೆ ಆಗಲ್ಲ" ಎಂದಳು ಹೆಂಡತಿ.

ಬೆಳ್ಳಿ ಕಾಗದವನ್ನೂ ಹಾಸಿದ್ದಾಯಿತು. ಅದರ ಒಂದು ತುದಿ ಸರಿದು ಎರಡು ಹಳಿಗಳನ್ನೂ ಮುಟ್ಟಿತು. ಚಟ್ ಎಂದು ಕಿಡಿ ಹಾರಿ, ನಿಲ್ದಾಣದ ದೀಪಗಳೆಲ್ಲ ಆರಿ, ಸುಟ್ಟ ವಾಸನೆ ಹಬ್ಬಿತು. ಬೆಕ್ಕುಗಳೆರಡೂ ಟಿಕೆಟ್ ಕೊಂಡು ಬಂದವರ ಹಾಗೆ ಕಿಟಕಿಯಲ್ಲಿ ಕುಳಿತು ನೋಡಿದವು. ತಂತಿಗಳನ್ನು ಬಿಚ್ಚಿ ಕಟ್ಟುವುದರಲ್ಲಿ ಮಧ್ಯಾಹ್ನವಾಯಿತು. ಸಾಹೇಬರಿಗೆ ಊಟ ಸೇರಲಿಲ್ಲ.

ಆಗ ಅತ್ತೆ ಬಾಯಿ ಬಿಟ್ಟರು.

"ಅವಕ್ಕೆ ನಿಮ್ಮ ರೈಲು ಯಾಕಪ್ಪಾ ಬೇಕು? ನೀವು ಯಾವುದನ್ನ 'ಮುಟ್ಟಬೇಡ, ಮುಟ್ಟಬೇಡ' ಅಂತೀರೋ ಅದು ಬೇಕು, ಅಷ್ಟೇ. ನಿಮ್ಮ ಮಾವ ಪೇಪರ್ ಬಿಚ್ಚಿದ್ರೆ ಸಾಕು, ಅದರ ಮೇಲೆ ಬಂದು ಕೂರೋದು ಈ ದೊಡ್ಡವಳ ಅಮ್ಮ. ಅವರು ಪೇಪರ್ ಬಿಟ್ಟೆದ್ರೆ ಅದೂ ಎದ್ದುಹೋಗ್ತಿತ್ತು. ಬೇರೆ ಇನ್ನೇನಾದ್ರೂ ಮುದ್ದು ಮಾಡಿ. ಇದನ್ನ ಕಸ ಅನ್ನಿ."

ಮುಳುಗುವವನಿಗೆ ಹುಲ್ಲುಕಡ್ಡಿಯಾದರೂ ಆದೀತೆಂದು ಸಾಹೇಬರು ಒಪ್ಪಿದರು. ಅತ್ತೆ ಕೆಳಗಿನ ಪಡಸಾಲೆಯಲ್ಲಿ ಕತ್ತರಿ ಹಿಡಿದು ಕುಳಿತರು. ಅಂಗಡಿಯಿಂದ ಬಂದಿದ್ದ ರಟ್ಟಿನ ಪೆಟ್ಟಿಗೆಗಳು ಗುಡ್ಡಗಳಾದವು, ಕನ್ನಡಕದ ಡಬ್ಬಿಗಳು ಮನೆಗಳಾದವು, ದಾರದ ಉಂಡೆಗಳು ಸಾಲಾಗಿ ನಿಂತು ರೈಲಾದವು. ಸಾಹೇಬರು ಅದರ ಮುಂದೆ ನಿಂತು ಕೈ ಜೋಡಿಸಿದರು.

"ಅಯ್ಯೋ, ನನ್ನ ಬಂಗಾರದ ಊರು! ಯಾರೂ ಮುಟ್ಟಬೇಡಿ!"

"ದನಿ ಸಾಲದು!" ಎಂದು ಡ್ರಿಲ್ ಮೇಷ್ಟ್ರು ಗದರಿದರು. "ಇನ್ನೊಂದ್ಸಲ! ಎದೆ ಮುಂದೆ!"

ಮೂರನೆಯ "ಅಯ್ಯೋ" ಮುಗಿಯುವ ಮೊದಲೇ ದೊಡ್ಡವಳು ರಟ್ಟಿನ ಗುಡ್ಡದ ಮೇಲಿದ್ದಳು. ಚಿಕ್ಕವಳು ದಾರದ ರೈಲಿಗೆ ಒಂದು ಏಟು ಕೊಟ್ಟು, ಕನ್ನಡಕದ ಡಬ್ಬಿಗಳ ನಡುವೆ ಕಾಲು ಚಾಚಿದಳು. ಆಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಮಹಡಿಯ ಕೋಣೆಯ ಬಾಗಿಲಲ್ಲಿ ನಿಂತು "ಥೂ, ಕಸ" ಎಂದು ಕೇಳಿಸುವಂತೆ ಹೇಳಿ ಬಂದರು. ತಮ್ಮ ಸರದಿ ಬಂದಾಗ ಸಾಹೇಬರು ಎಂಜಿನ್ನಿಗೆ ಬೆನ್ನು ತಿರುಗಿಸಿ ನಿಂತು ಹೇಳಿದರು.

ಸಂಜೆ ಅಧ್ಯಕ್ಷರು ಬಂದರು. ಕೃಶವಾದ, ನಗೆಯನ್ನು ಎಲ್ಲೋ ಮರೆತು ಬಂದಂತಿದ್ದ ವ್ಯಕ್ತಿ. ಮಹಡಿ ಹತ್ತಿ, ಕೈಯಲ್ಲಿದ್ದ ಭೂತಗನ್ನಡಿಯಿಂದ ಸೇತುವೆಯನ್ನೂ ಸಿಗ್ನಲ್ಲುಗಳನ್ನೂ ಪರೀಕ್ಷಿಸಿದರು. ಪ್ಯಾಸೆಂಜರ್ ಗಾಡಿ ಹಜಾರಕ್ಕೆ ಹೋಗಿ ನಿರ್ವಿಘ್ನವಾಗಿ ಮರಳಿತು.

"ಇದಕ್ಕೆಷ್ಟು ವರ್ಷ ಶ್ರಮ ಪಟ್ಟಿದ್ದೀರಿ?"

ಸಾಹೇಬರು ಎದೆಯುಬ್ಬಿಸಿ ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರ ಬೆನ್ನ ಹಿಂದೆ, ಮೆಟ್ಟಿಲ ತುದಿಯಲ್ಲಿ, ಚಿಕ್ಕವಳ ಎರಡು ಕಿವಿಗಳು ಕಾಣಿಸಿದವು. ಕಿವಿಗಳು ನಿಮಿರಿದ್ದವು.

"ಇದಾ? ಇದು... ಕಸ ಸಾರ್" ಎಂದು ಸಾಹೇಬರು ಕಣ್ಣು ಮಿಟುಕಿಸಿದರು.

"ಕಸವೇ?"

"ಬರೀ ಕಸ!" ಮತ್ತೆ ಮಿಟುಕಿಸಿದರು.

ಕನ್ನಡಕ ಮಾರುವವರಿಗೇ ಕಣ್ಣಿನ ಬೇನೆಯೆಂದು ಅಧ್ಯಕ್ಷರು ಮರುಗಿದಂತೆ ಕಂಡಿತು. ಸಾಹೇಬರು ಹತ್ತಿರ ಸರಿದು ಕಿವಿಯಲ್ಲಿ ವಿಷಯ ತಿಳಿಸಬೇಕು, ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ಶಿಷ್ಯನ ನೆರವಿಗೆ ಧಾವಿಸಿದರು.

"ಕಸ ಅಂದ್ರೆ ಕಸ ಸಾರ್! ಅಸಲಿ ಮಾಲು ಕೆಳಗಿದೆ, ಬನ್ನಿ!" ಎಂದು ಅಧ್ಯಕ್ಷರ ತೋಳು ಹಿಡಿದು ಮೆಟ್ಟಿಲಿಳಿಸಿಯೇ ಬಿಟ್ಟರು.

ದೊಡ್ಡವಳು ಮಲಗಿದ್ದ ರಟ್ಟಿನ ಊರಿನ ಮುಂದೆ ಅಧ್ಯಕ್ಷರು ಬಹಳ ಹೊತ್ತು ನಿಂತರು. ಇನ್ನು ತಡೆಯಲಾಗದೆ ಸಾಹೇಬರು ನಿಜವನ್ನೆಲ್ಲ ಕಾರಿಕೊಂಡರು: "ತಪ್ಪಾಯ್ತು ಸಾರ್. ಮೇಲಿರೋದೇ ನನ್ನ ಜೀವ. ಇದು ಬೆಕ್ಕುಗಳಿಗೆ ಟೋಪಿ ಹಾಕೋಕೆ ನಮ್ಮತ್ತೆ ಮಾಡಿದ್ದು. ಇದು ಸಿಕ್ಕಿದ ಮೇಲೆ ಅವು ರೈಲಿನ ಕಡೆ ಸುಳೀಲೇ ಇಲ್ಲ."

"ಸುಳೀಲೇ ಇಲ್ವೇ?" ಅಧ್ಯಕ್ಷರು ಒಂದು ಹೆಜ್ಜೆ ಮುಂದೆ ಬಂದರು. ಅವರು ತೋಳಿನ ಗುಂಡಿ ಬಿಚ್ಚಿ ಮೇಲೆ ಸರಿಸಿದರು. ಮಣಿಕಟ್ಟಿನಿಂದ ಮೊಣಕೈವರೆಗೆ ಪರಚಿದ ಗೆರೆಗಳು. ಜಂಕ್ಷನ್ನಿನ ನಕ್ಷೆಯನ್ನೇ ಬಿಡಿಸಿದಂತಿತ್ತು. "ನೋಡಿ ಸ್ವಾಮಿ. ನಿಮ್ಮ ಮಹಡೀಲಿರೋ ಅಂಥ ರೈಲ್ವೆ ನಮ್ಮ ಸಂಘದಲ್ಲಿ ಪ್ರತಿಯೊಬ್ಬನ ಮನೇಲೂ ಇದೆ. ಅದರ ಮೇಲೆ ಬೆಕ್ಕು ಕೂರದ ಮನೆ ಒಂದೂ ಇಲ್ಲ. ಈ ಸಲ ಪ್ರದರ್ಶನಕ್ಕೆ ಇದೇ! ತಾಯೀ, ನಮ್ಮ ಸದಸ್ಯರಿಗೆಲ್ಲ ಒಂದೊಂದು ಊರು ಕಟ್ಟಿಕೊಡ್ತೀರಾ?"

"ಅದಕ್ಕೇನು, ಕಟ್ಟಿದ್ರಾಯ್ತು. ಆದ್ರೆ ಕೂತು ಕೆಲಸ ಮಾಡೋಕೆ ಜಾಗ ಬೇಕಲ್ಲಪ್ಪಾ" ಎಂದರು ಅತ್ತೆ.

ಹೆಂಡತಿ ಮಹಡಿಯ ಕಡೆ ನೋಡಿದಳು. ಕೊಟ್ಟ ಮಾತು ಸಾಹೇಬರಿಗೆ ನೆನಪಾಯಿತು.

"ಸಾಹೇಬ್ರೇ, ಪ್ರದರ್ಶನಕ್ಕೆ ನೀವೂ ಬರ್ಬೇಕು," ಎಂದು ಅಧ್ಯಕ್ಷರು ಹೊರಡುವಾಗ ಕೈ ಕುಲುಕಿದರು. "ಪಕ್ಕದಲ್ಲಿ ನಿಂತು ಅದನ್ನ ಪ್ರೀತಿಸೋಕೆ ಒಬ್ಬರು ಬೇಕಲ್ಲ. ನೀವು ಸ್ವಲ್ಪ ಮೈಮರೆತ್ರೂ ಬೆಕ್ಕು ಇಳಿದುಬಿಡುತ್ತೆ."

ಗಾರ್ಡ್ ಸಾಹೇಬರು ಒಂದು ಖಾಲಿ ಪೆಟ್ಟಿಗೆ ಹಿಡಿದು ಮಹಡಿ ಹತ್ತಿದರು. ಅದರ ತಳಕ್ಕೆ ಮೆತ್ತನೆಯ ಬಟ್ಟೆ ಹಾಸಿ, ಮೂಲೆಗಳನ್ನು ಬೆರಳಿನಿಂದ ಒತ್ತಿ ಸಮಮಾಡಿ, ಎಂಜಿನ್ನನ್ನು ಎರಡೂ ಕೈಗಳಿಂದ ಮಗುವಿನಂತೆ ಎತ್ತಿಕೊಂಡು ತಿರುಗಿದರು.

ಪೆಟ್ಟಿಗೆಯಲ್ಲಿ ದೊಡ್ಡವಳು ಆಗಲೇ ಕುಳಿತಿದ್ದಳು. ಉಳಿದ ಎಡೆಯಲ್ಲಿ ಚಿಕ್ಕವಳು ಇಳಿಯುತ್ತಿದ್ದಳು.