ದಶಮಾಂಶ ಬಿಂದುವಿಗೆ, ಗಂಟುಗಳ ಪರವಾಗಿ

ಶ್ರೀಮಂಗಲ, 1958

ಮಾನ್ಯ ದಶಮಾಂಶ ಬಿಂದುರವರ ಸನ್ನಿಧಾನಕ್ಕೆ, ಶ್ರೀಮಂಗಲ ವಾಚನಾಲಯದ ಪುಸ್ತಕ ಕಾಯುವ ನೀಲಾವತಿ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಅಂಕಿಗಳ ನಡುವೆ ಸುಖವಾಗಿ ಕುಳಿತಿರುವಿರೆಂದು ನಂಬಿದ್ದೇನೆ.

ಮಾನ್ಯರೇ, ಆಣೆಯನ್ನು ಓಡಿಸಿ ನಯಾ ಪೈಸೆಯ ಜೊತೆ ಸಂತೆಗೆ ಬಂದ ತಾವು, ಕೊಡಗು ಮೈಸೂರಿಗೆ ಸೇರಿದ ಮೇಲೆ ನಮ್ಮ ಕಪಾಟಿಗೂ ದಯಮಾಡಿಸಿದ್ದು ನಮ್ಮ ಪೂರ್ವಜನ್ಮದ ಪುಣ್ಯ. ಅಲ್ಲಿಯವರೆಗೆ ನಮ್ಮದು ಕಾಡು ಪದ್ಧತಿ. ಕೊಡವ, ಅರೆಭಾಷೆ, ಮಲಯಾಳ, ತುಳು ಆಡುವವರೆಲ್ಲ ಬರುವ ಜಾಗವಾದ್ದರಿಂದ, ಹುಡುಕಲು ಯಾರಿಗೂ ಅಕ್ಷರದ ಹಂಗಿರದಂತೆ ಪ್ರತಿ ಪುಸ್ತಕದ ಬೆನ್ನಿಗೂ ದಾರ ಇಳಿಬಿಟ್ಟು ಗಂಟು ಹಾಕಿದ್ದೆ. ಒಂದು ಗಂಟು ಯುದ್ಧ, ಎರಡು ಗಂಟು ಬೇಟೆ, ಮೂರು ಗಂಟು ಸಂಸಾರದ ಕಾದಂಬರಿ. ಮೂರೇ ಯಾಕೆಂದು ತಾಳಿ ಕಟ್ಟಿಸಿಕೊಂಡವರನ್ನು ಕೇಳಿದರೆ ಹೇಳುತ್ತಾರೆ.

ಮೈಸೂರಿನಿಂದ ಬಂದ ಪರಿವೀಕ್ಷಕರು ಇದನ್ನು ಕಂಡು, ಇದು ವಾಚನಾಲಯವೋ ದನದ ಕೊಟ್ಟಿಗೆಯೋ ಎಂದು ವಿಚಾರಿಸಿ, ಎಲ್ಲವನ್ನೂ ವಿಷಯಕ್ಕೊಂದು ಅಂಕಿ ಕೊಡುವ ದಶಮಾಂಶ ಪದ್ಧತಿಗೆ ಬದಲಾಯಿಸತಕ್ಕದ್ದೆಂದು ಅಪ್ಪಣೆ ಕೊಟ್ಟು, ಕತ್ತರಿ ತರಿಸಿ ದಾರಗಳನ್ನೆಲ್ಲ ಕತ್ತರಿಸಿ, ತಾವು ವಿರಾಜಮಾನರಾಗಿರುವ ಚೀಟಿಗಳನ್ನು ಅಂಟಿಸಿ ಹೋದರು. ಅವರಪ್ಪನ ಗಂಟೇನು ಹೋಯಿತು? ಹೋದದ್ದು ನನ್ನ ಗಂಟು. ಹುಲಿ ಬೇಟೆಗೆ ಈಗ 799.27 ಎಂದು ನಾಮಕರಣವಾಗಿದೆ. ಹುಲಿಗೆ ತಿಳಿದರೆ ನಾಚಿಕೊಂಡು ನಾಗರಹೊಳೆಯ ಆಚೆಗೆ ಓಡೀತು.

ಇಷ್ಟಾದರೂ ನಾನು ಸುಮ್ಮನಿರುತ್ತಿದ್ದೆ. ಆದರೆ ನಮ್ಮಲ್ಲಿ ದೇರಪ್ಪ ಸುಬೇದಾರರು ಎಂಬವರಿದ್ದಾರೆ, ಎರಡು ಕಣ್ಣೂ ಹೋದವರು. ಕೋಲೂರಿಕೊಂಡು ಬಂದು, ಕಪಾಟು ತಡವಿ, ಎರಡು ಗಂಟಿನ ಪುಸ್ತಕವನ್ನು ಸ್ವತಃ ಆರಿಸಿಕೊಂಡು ಹೋಗಿ, ಹೆಂಡತಿ ಬೊಳ್ಳಮ್ಮನಿಂದ ಓದಿಸಿಕೊಳ್ಳುತ್ತಿದ್ದರು. ನಾನು ತೆಗೆದುಕೊಡಲೇ ಎಂದರೆ ಸಿಟ್ಟು ಬರುತ್ತಿತ್ತು. ತಮ್ಮ ಆಗಮನವಾದ ಮೇಲೆ ಒಂದು ದಿನ ಬಂದು, ಕಪಾಟಿನುದ್ದಕ್ಕೂ ಬೆರಳಾಡಿಸಿ, "ಒಂದು ಗಂಟೂ ಇಲ್ಲೆ ಮಗಳೇ, ಯಾವ ಪುಸ್ತಕವೂ ಮಾತಾಡ್ತಾ ಇಲ್ಲೆ" ಎಂದು ಬರಿಗೈಯಲ್ಲಿ ಹೋದವರು ಮತ್ತೆ ಬರಲಿಲ್ಲ.

ಆದ್ದರಿಂದ ತಮ್ಮಲ್ಲಿ ಬೇಡುವುದಿಷ್ಟೆ. ಇಷ್ಟು ದೊಡ್ಡವರಾದ ತಾವು ಕಾಗದದಿಂದ ಒಂದು ಸಾಸಿವೆ ಕಾಳಿನಷ್ಟು ಎದ್ದು ನಿಲ್ಲುವ ಕೃಪೆ ಮಾಡಬೇಕು. ಯುದ್ಧಕ್ಕೆ ಒಬ್ಬರೇ, ಬೇಟೆಗೆ ಇಬ್ಬರಾಗಿ, ಸಂಸಾರಕ್ಕೆ ಮೂವರಾಗಿ. ಇಡೀ ಅಂಕಿಯನ್ನೇ ಹೋಳು ಮಾಡುವವರಿಗೆ ಇದೇನು ಮಹಾ?

ತಮ್ಮೆದುರು ಸೊನ್ನೆಯ ಬೆಲೆಯೂ ಇಲ್ಲದ,
ತಮ್ಮ ವಿಶ್ವಾಸಿ,
ನೀಲಾವತಿ

ತಾ.ಕ.: ಎದ್ದು ನಿಲ್ಲುವುದು ತಮ್ಮ ಜಾಯಮಾನವಲ್ಲವೆಂದು ಗೊತ್ತಿದ್ದುದರಿಂದ, ತಮ್ಮ ಪಕ್ಕದಲ್ಲೇ ಗೋಂದು ಹಚ್ಚಿ ಕರಿಮೆಣಸಿನ ಕಾಳು ಅಂಟಿಸಿ, ಬೊಳ್ಳಮ್ಮನ ಹತ್ತಿರ ಸುಬೇದಾರರಿಗೆ ಹೇಳಿ ಕಳಿಸಿದೆ. ಬಿಂದುಗಳು ಹೆಚ್ಚಾದವಲ್ಲ ಎಂದು ಪರಿವೀಕ್ಷಕರು ಕೇಳಿದರೆ, ತಮ್ಮ ಮಕ್ಕಳೆಂದು ಹೇಳುತ್ತೇನೆ. ನಿನ್ನೆ ಸುಬೇದಾರರು ಬಂದು, ಎರಡು ಕಾಳಿನ ಪುಸ್ತಕ ಸ್ವತಃ ಹುಡುಕಿ ಒಯ್ದರು. ತಮ್ಮ ಮೇಲೂ ಅವರ ಬೆರಳು ಹಾಯಿತು. ಅಲ್ಲಿ ಯಾರಾದರೂ ಇದ್ದಾರೆಂದು ಅವರಿಗೆ ಅನ್ನಿಸಲೇ ಇಲ್ಲ.