ಮರ ಕಡಿಯುವವರ ಮನೆಯ ಚಳಿಗಾಲ

ಇದನ್ನು ಬರೆಯಲು ಕೂತು ಇನ್ನೂ ಒಂದು ಸಾಲಾಗಿಲ್ಲ, ಆಗಲೇ ಮೂರನೇ ಸಲ ಅಡುಗೆಮನೆಯಿಂದ ಕೂಗು. "ಲೇ, ಈ ಡಬ್ಬಿಯಲ್ಲಿರೋದು ಕಡಲೆಬೇಳೆನೋ ತೊಗರಿಬೇಳೆನೋ?" ಆ ಡಬ್ಬಿಯನ್ನು ಇಳಿಸಿ ಎಂದು ಯಾರೂ ಹೇಳಿರಲಿಲ್ಲ. ಶೆಲ್ಫನ್ನು 'ಸರಿಯಾಗಿ' ಜೋಡಿಸಿಕೊಡುತ್ತೇನೆ ಎಂದು ನಮ್ಮ ಯಜಮಾನರು ಬೆಳಿಗ್ಗೆಯಿಂದ ಸ್ಟೂಲಿನ ಮೇಲೆ ನಿಂತಿದ್ದಾರೆ. ಮದುವೆಯಾದಾಗಿನಿಂದ ನಾನು ಇಟ್ಟುಕೊಂಡು ಬಂದಿದ್ದು ಸರಿಯಿರಲಿಲ್ಲ ಎಂದು ಇವತ್ತು ಗೊತ್ತಾಯಿತಂತೆ. ಚಳಿಗಾಲ ಬಂತೆಂದರೆ ನಮ್ಮ ಮನೆಯಲ್ಲಿ ಇಂಥದ್ದು ನಡೆಯುತ್ತಲೇ ಇರುತ್ತದೆ.

ನಮ್ಮವರ ಕೆಲಸ ಮರದ್ದು. ಅಮೆರಿಕದ ಏಪೆಕ್ಸ್ ಎಂಬ ಊರಿನ ಸುತ್ತಮುತ್ತ ಒಣಗಿದ ಕೊಂಬೆ ಕಡಿಯುವುದು, ಮನೆ ಮೇಲೆ ಬಾಗಿದ ಮರವನ್ನು ತುಂಡು ತುಂಡಾಗಿ ಇಳಿಸುವುದು. ಬೆಂಗಳೂರಿನಲ್ಲಿ ಒಂದು ನರ್ಸರಿಯಲ್ಲಿದ್ದರು. ಇವರ ಅಕ್ಕ ಇಲ್ಲಿಗೆ ಕರೆಸಿಕೊಂಡ ಮೇಲೆ ಒಬ್ಬ ಅಮೆರಿಕನ್ ಮುದುಕನ ಬಳಿ ಕೆಲಸ ಕಲಿತು, ಹಳೆಯ ಟ್ರಕ್ಕು, ಗರಗಸದ ಮಷೀನು, ಕೊಂಬೆ ಪುಡಿ ಮಾಡುವ ಮಷೀನು ಇಟ್ಟುಕೊಂಡು ಸ್ವಂತಕ್ಕೆ ಶುರುಮಾಡಿದರು. ಇವರು ಮರ ಹತ್ತುತ್ತಾರೆ. ಕೆಳಗೆ ಹಗ್ಗ ಹಿಡಿಯಲು ಮೆಕ್ಸಿಕೋದ ಒಬ್ಬ ನಡುವಯಸ್ಸಿನವನಿದ್ದಾನೆ. ಫೋನ್ ಎತ್ತುವುದು ನನ್ನ ಕೆಲಸ. ಇಲ್ಲಿನ ಉಳಿದ ಕನ್ನಡದವರೆಲ್ಲ ಕಂಪ್ಯೂಟರ್ ಮುಂದೆ ಕೂರುವವರು.

ಡಿಸೆಂಬರ್‌ನಲ್ಲಿ ಎಲೆ ಉದುರಿತೆಂದರೆ ನಮ್ಮ ಫೋನು ಬಾಯಿ ಮುಚ್ಚುತ್ತದೆ. ಮೊದಲ ಎರಡು ಚಳಿಗಾಲ ಹೇಗೋ ದಾಟಿದೆವು. ಮೂರನೆಯದರಲ್ಲಿ, ಕಾರಿನಲ್ಲಿ ನಾಲ್ಕೈದು ಗಂಟೆ ದೂರದ ಆಶ್‌ಬರ್ನ್‌ನಲ್ಲಿರುವ ಇವರ ಭಾವ, ಎಂದರೆ ಅಕ್ಕನ ಗಂಡ, ಕಡ್ಡಿ ಮುರಿದಂತೆ ಹೇಳಿದರು. "ಫೆಬ್ರವರಿ ಮುಗಿಯೋದ್ರೊಳಗೆ ಕೆಲಸ ಬಂದ್ರೆ ಸರಿ. ಬರಲಿಲ್ವಾ, ಟ್ರಕ್ ಮಾರು, ನಮ್ಮ ಆಫೀಸಿಗೆ ಬಾ." ಇವರು ಹೂಂ ಅಂದುಬಿಟ್ಟರು. ನನ್ನನ್ನು ಒಂದು ಮಾತು ಕೇಳಬೇಡವೇ? ನಾನು ಆಗಲೇ ಮನಸ್ಸಿನಲ್ಲಿ ಹೇಳಿಕೊಂಡೆ, ಈ ಟ್ರಕ್ಕು ನಮ್ಮ ಅಂಗಳ ಬಿಟ್ಟು ಹೋಗುವುದಿಲ್ಲ ಎಂದು. ಮುಂದಿನದೆಲ್ಲ ಆ ಚಳಿಗಾಲದ್ದೇ.

೧. ಅಣಬೆ

ಸಂಕ್ರಾಂತಿ ಪಾಟ್‌ಲಕ್ ಎಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟ; ಅದು ಕನ್ನಡದ ಒಬ್ಬ ಅಂಕಲ್ ಮನೆಯಲ್ಲಿತ್ತು. ನಾನು ಬಿಸಿಬೇಳೆಬಾತಿನ ಟ್ರೇ ಇನ್ನೂ ಕೆಳಗಿಟ್ಟಿಲ್ಲ, ಆ ಮನೆಯ ಆಂಟಿ ಶುರುಮಾಡಿದರು. "ನಿಮ್ಮೆಜಮಾನ್ರಿಗೆ ವಿಂಟರ್ ಪೂರ್ತಿ ರಜಾ ಅಲ್ವಾ? ಲಕ್ಕಿ ಕಣ್ರೀ ನೀವು!"

"ಹೌದು ಆಂಟಿ," ಅಂದೆ, "ಅವರ ಹೊಟ್ಟೆಗೂ ರಜಾ ಸಿಕ್ಕಿದ್ರೆ ಇನ್ನೂ ಲಕ್ಕಿ ಆಗಿರ್ತಿದ್ದೆ."

ಎಲೆ ಇಲ್ಲದಾಗ ಮರದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ಕೊಂಬೆ ಕೊಂಬೆಯೂ ಕಾಣುತ್ತದೆ, ಮರಕ್ಕೂ ನೋವು ಕಡಿಮೆ. ಇದನ್ನು ಫೋನಿನಲ್ಲಿ ನೂರು ಜನಕ್ಕೆ ಹೇಳಿದ್ದೇನೆ. ನೂರು ಜನವೂ "ಸ್ಪ್ರಿಂಗ್‌ನಲ್ಲಿ ಕಾಲ್ ಮಾಡ್ತೀವಿ" ಎಂದಿದ್ದಾರೆ.

ಊಟವಾದ ಮೇಲೆ ಅಂಕಲ್ ಇವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗ್ಯಾರೇಜಿನ ಪಕ್ಕದ ದೊಡ್ಡ ಓಕ್ ಮರ ತೋರಿಸಿದರು. ಪುಕ್ಕಟೆ ಸಲಹೆ ಎಂದರೆ ನಮ್ಮವರಿಗೆ ಸಂಭ್ರಮ. ಮರದ ಸುತ್ತ ಬಂದು, ತಟ್ಟಿ ನೋಡಿ, "ಅಂಕಲ್, ಇದು ಒಳಗೆ ಸತ್ತಿದೆ. ಈಗಲೇ ಇಳಿಸಬೇಕು," ಎಂದರು.

"ಏನಪ್ಪಾ ನೀನು! ಈಗ ಎಲ್ಲಾ ಮರಾನೂ ಸತ್ತ ಹಾಗೇ ಕಾಣುತ್ತೆ. ಸ್ಪ್ರಿಂಗ್ ಬರ್ಲಿ, ಎಲೆ ಬಿಡದೇ ಇದ್ರೆ ನೋಡೋಣ."

"ಬುಡ ನೋಡಿ ಅಂಕಲ್, ಅಣಬೆ ಎದ್ದಿದೆ. ಬೇರು ಕೊಳೆತಿದ್ರೇನೇ ಹೀಗೆ ಏಳೋದು."

ಅಂಕಲ್ ಬಗ್ಗಿ ನೋಡಿ ಹೆಮ್ಮೆಯಿಂದ ತಲೆ ಎತ್ತಿದರು. "ಅದು ಕೊಳೆತದ್ದಲ್ಲಪ್ಪ. ನಮ್ಮ ಮಣ್ಣು ಅಷ್ಟು ಫಲವತ್ತಾಗಿದೆ!"

ಹಿಂದೆ ನಿಂತಿದ್ದ ಆಂಟಿಗೆ ಬೇರೆಯದೇ ಚಿಂತೆ. "ಇದನ್ನ ಪಲಾವಿಗೆ ಹಾಕಬಹುದಾ?"

೨. ಒಗ್ಗರಣೆ

ಕೆಲಸವಿಲ್ಲದ ಕೈ ಮನೆಯಲ್ಲಿದ್ದರೆ ಏನಾಗುತ್ತದೆ ಎಂದು ನನ್ನನ್ನು ಕೇಳಿ. ಮೊದಲ ವಾರ ಗರಗಸಕ್ಕೆಲ್ಲ ಸಾಣೆ ಹಿಡಿದರು. ಎರಡನೇ ವಾರ ಅದೇ ಅರದಲ್ಲಿ ನನ್ನ ಚಾಕುಗಳಿಗೆ. ಮೂರನೇ ವಾರ ಈಳಿಗೆಮಣೆಗೆ. ಬದನೆಕಾಯಿ ಇಟ್ಟರೆ ಸಾಕು, ತಾನೇ ಎರಡು ಹೋಳಾಗುತ್ತಿತ್ತು. ನನ್ನ ಎರಡು ಬೆರಳಿಗೆ ಬ್ಯಾಂಡೇಜು. "ನೋಡಿದ್ಯಾ, ಎಷ್ಟು ಚೂಪಾಗಿದೆ!" ಎಂದು ಹೆಮ್ಮೆ ಬೇರೆ.

ಸಾಣೆ ಹಿಡಿಯಲು ಇನ್ನೇನೂ ಉಳಿಯದಿದ್ದಾಗ ಅವರ ಕಣ್ಣು ನನ್ನ ಕರಿಬೇವಿನ ಗಿಡದ ಮೇಲೆ ಬಿತ್ತು.

ಆ ಗಿಡದ ವಿಷಯ ಹೇಳಲೇಬೇಕು. ಅಟ್ಲಾಂಟಾದ ಒಬ್ಬ ಸ್ನೇಹಿತೆ ಮಡಿಲಲ್ಲಿಟ್ಟು ತಂದುಕೊಟ್ಟ ಬೆರಳುದ್ದದ ಸಸಿ. ಮೂರು ವರ್ಷ ಮಗಳ ಜೊತೆಗೇ ಬೆಳೆಸಿದ್ದೆ. ಚಳಿ ಶುರುವಾದ ಕೂಡಲೇ ಒಳಗೆ ತಂದು ಹೀಟರ್ ಪಕ್ಕ ಇಡುತ್ತಿದ್ದೆ. ನಾಲ್ಕು ಎಲೆ ಬೇಕೆಂದು ಊರಿನ ಹೆಂಗಸರು ಫೋನ್ ಮಾಡಿ, ಮೊದಲು ನನ್ನ ಆರೋಗ್ಯ ವಿಚಾರಿಸಿ, ಆಮೇಲೆ ಕೇಳುತ್ತಿದ್ದರು. ಮರ ಕಡಿಯುವವನ ಹೆಂಡತಿಗೆ ಈ ಊರಿನಲ್ಲಿ ಸಿಕ್ಕ ಮರ್ಯಾದೆಯೆಲ್ಲ ಆ ಕುಂಡದಿಂದ ಬಂದದ್ದು.

ಮಂಗಳವಾರ ಮಗಳನ್ನು ಸ್ಕೂಲಿಗೆ ಬಿಟ್ಟು ಬರುತ್ತೇನೆ, ಕುಂಡದಲ್ಲಿ ಒಂದು ಕಡ್ಡಿ ನಿಂತಿದೆ.

"ಏನ್ರೀ ಇದು?"

"ಪ್ರೂನಿಂಗ್ ಮಾಡಿದೆ. ಚಳಿಗಾಲದಲ್ಲಿ ಕತ್ತರಿಸಿದ್ರೆ ಸ್ಪ್ರಿಂಗ್‌ನಲ್ಲಿ ಚೆನ್ನಾಗಿ ಚಿಗುರುತ್ತೆ."

"ಹೀಟರ್ ಪಕ್ಕ ಕೂತಿರೋ ಗಿಡಕ್ಕೆ ಚಳಿಗಾಲ ಅಂತ ಯಾರ್ರೀ ಹೇಳಿದ್ದು?"

ಅವರು ಯೋಚಿಸಿದರು. ನಿಜವಾಗಿಯೂ ಅದು ಅವರ ತಲೆಗೆ ಹೊಳೆದಿರಲಿಲ್ಲ. ಹೋಗಲಿ, ಕತ್ತರಿಸಿದ ಎಲೆಯಾದರೂ ಕೊಡಿ, ಒಣಗಿಸಿ ಇಡುತ್ತೇನೆ ಎಂದೆ. ಕಿಟಕಿಯ ಹೊರಗೆ ಕಸದ ಲಾರಿ ಆಗತಾನೇ ತಿರುವು ದಾಟುತ್ತಿತ್ತು.

"ಎಲ್ಲಾ ಗುಡಿಸಿ ಹಾಕಿಬಿಟ್ನಲ್ಲಾ," ಎಂದರು ನಮ್ಮವರು. "ಕೆಲಸ ಆದ ಮೇಲೆ ಒಂದು ಎಲೆ ಕೂಡ ಬಿಡದೆ ಕ್ಲೀನ್ ಮಾಡಿಕೊಡ್ತೀವಿ ಅಂತ ನಮ್ಮ ಕಾರ್ಡಿನಲ್ಲೇ ಹಾಕಿಸಿದ್ದೀವಲ್ಲೇ!"

೩. ಹುಳುಗಳ ನಿದ್ದೆ

ಚಳಿಗಾಲ ದಾಟಲು ಸೌದೆ ಮಾರೋಣ ಎಂದು ಹೊಳೆದದ್ದು ನನಗೆ. ಬೇಸಿಗೆಯಲ್ಲಿ ಕಡಿದ ಮರ ಅಂಗಳದಲ್ಲಿ ರಾಶಿ ಬಿದ್ದಿತ್ತು. ಹೊಸದಾಗಿ ಮನೆ ಕೊಂಡ ಒಂದು ಕನ್ನಡದ ಜೋಡಿಗೆ ಟ್ರಕ್ಕಿನಲ್ಲಿ ಒಂದು ಲೋಡು ಕಳಿಸಿದೆ. "ಹೊರಗೇ ಇಡಿ, ಬೇಕಾದಷ್ಟೇ ಒಳಗೆ ತನ್ನಿ," ಎಂದು ಎರಡು ಸಲ ಹೇಳಿದ್ದೆ.

ಹತ್ತು ದಿನಕ್ಕೆ ಆ ಹುಡುಗಿಯ ಫೋನ್. "ನೀವು ಕೊಟ್ಟ ಸೌದೆಯಿಂದ ಹುಳ ಬರ್ತಿದೆ! ಸೋಫಾ ಮೇಲೆ, ಕರ್ಟನ್ ಮೇಲೆ, ಎಲ್ಲಾ ಕಡೆ!"

"ಸೌದೆ ಎಲ್ಲಿಟ್ಟಿದ್ದೀರಮ್ಮಾ?"

"ಲಿವಿಂಗ್ ರೂಮಲ್ಲಿ. ಚೆನ್ನಾಗಿ ಕಾಣುತ್ತೆ ಅಂತ ಜೋಡಿಸಿದ್ದೀವಿ. ಹೊರಗೆ ಅಷ್ಟೊಂದು ಚಳಿ ಅಲ್ವಾ?"

"ಒಂದಾದರೂ ಉರಿಸಿದಿರಾ?"

"ಇಲ್ಲ, ನಮ್ಮದು ಸೌದೆ ಬೇಡದ ಗ್ಯಾಸ್ ಫೈರ್‌ಪ್ಲೇಸು."

ಸೌದೆಯೊಳಗೆ ತಣ್ಣಗೆ ಮಲಗಿದ್ದ ಹುಳುಗಳಿಗೆ ಈ ಪುಣ್ಯಾತ್ಮರು ಹೀಟರ್ ಹಾಕಿ ಎಬ್ಬಿಸಿದ್ದಾರೆ. "ಎಲ್ಲರೂ ನಮಗೆ ವಿಂಟರ್ ರಜಾ ಅಂತಾರೆ ಕಣಮ್ಮಾ," ಎಂದೆ. "ರಜಾ ನಿಜವಾಗಿ ಇದ್ದಿದ್ದು ಆ ಹುಳುಗಳಿಗೆ. ಅದನ್ನೂ ನೀವು ಕ್ಯಾನ್ಸಲ್ ಮಾಡಿಸಿದ್ರಿ."

ಸೌದೆ ವಾಪಸು ಬಂತು. ಹುಳ ಬರಲಿಲ್ಲ, ಅಲ್ಲೇ ಉಳಿದವು.

೪. ಕಿಟಕಿ ಇಲ್ಲದ ಕೆಲಸ

ಭಾವ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದರು. "ಕೇಬಲ್ ಎಳೆದು ಕಂಪ್ಯೂಟರ್‌ಗೆ ಸಿಕ್ಕಿಸೋದು, ಅಷ್ಟೇ ಕೆಲಸ. ಮಳೆ ಇಲ್ಲ, ಬಿಸಿಲಿಲ್ಲ, ಚಳಿ ಇಲ್ಲ. ಕಿಟಕಿ ಕೂಡ ಇಲ್ಲ ಕಣೋ!" ಕಿಟಕಿ ಇಲ್ಲದ್ದನ್ನೂ ಸೌಕರ್ಯದ ಪಟ್ಟಿಗೆ ಸೇರಿಸಿದ ಮನುಷ್ಯನಿಗೆ ಏನು ಹೇಳುವುದು? ಬಚ್ಚಲಲ್ಲಿ ಎಕ್ಸಾಸ್ಟ್ ಫ್ಯಾನ್ ಕೆಟ್ಟರೆ ಹೊರಗೆ ಬಂದು ಸ್ನಾನ ಮಾಡಿಬಿಡುವ ಜಾತಿ ನಮ್ಮವರದು.

ಆದರೂ ಫೆಬ್ರವರಿ ಮೊದಲ ವಾರ ಕೋಟು ಹಾಕಿ, ಟೈ ಕಟ್ಟಿಕೊಂಡು ಇಂಟರ್‌ವ್ಯೂಗೆ ಆಶ್‌ಬರ್ನ್‌ಗೆ ಹೋದರು. ಸಂಜೆ ಭಾವನ ಫೋನು ಮೊದಲು ಬಂತು.

"ಏನಮ್ಮಾ ನಿನ್ನ ಗಂಡ? ಮ್ಯಾನೇಜರ್ ಕೊನೇಲಿ ಪ್ರಶ್ನೆ ಏನಾದ್ರೂ ಇದೆಯಾ ಅಂತ ಕೇಳಿದ್ರೆ, ಪಾರ್ಕಿಂಗ್ ಲಾಟಲ್ಲಿ ಮರದ ಬುಡಕ್ಕೆ ಗುಡ್ಡೆ ಹಾಗೆ ತೊಗಟೆ ಚೂರು ಪೇರಿಸಿದ್ದು ಯಾರು ಅಂತ ಕೇಳಿದ್ದಾನೆ! ಮರಕ್ಕೆ ಉಸಿರು ಕಟ್ಟುತ್ತಂತೆ!"

"ಕಟ್ಟುತ್ತೆ," ಎಂದೆ. "ಕೆಲಸ ಏನಾಯ್ತು?"

"ಮ್ಯಾನೇಜರ್ ಒಳ್ಳೆಯವನು, ನಕ್ಕು ಕೊಟ್ಟಿದ್ದಾನೆ. ಮಾರ್ಚ್ ಒಂದಕ್ಕೆ ಸೇರಬೇಕು. ಆದ್ರೆ ಕೇಳು, ಹೊರಗೆ ಬಂದವನು ಕೋಟು ಟೈ ಸಮೇತ ಮಂಡಿಯೂರಿ ಅಷ್ಟೂ ಮರದ ಬುಡ ಬರಿಗೈಲಿ ಬಿಡಿಸಿದ. ಸೆಕ್ಯೂರಿಟಿಯವನು ಬಂದು, ತೋಟದ ಕೆಲಸದವರು ಹಿಂದಿನ ಗೇಟಿಂದ ಬರಬೇಕು ಅಂತ ಬೈದ!"

"ಅಯ್ಯೋ! ನೀವೇನು ಮಾಡಿದ್ರಿ?"

ಭಾವ ದನಿ ತಗ್ಗಿಸಿದರು. "ನಾನು ಯಾರಿಗೂ ಕಾಣದ ಹಾಗೆ ಕಾರಲ್ಲಿ ಸೀಟು ಹಿಂದಕ್ಕೆ ಮಾಡಿ ಮಲಗಿಬಿಟ್ಟೆ."

ನಗು ಬಂತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ನಮ್ಮವರು ಮನೆಗೆ ಬಂದು ಟೈ ಬಿಚ್ಚಿ ಮಲಗಿಬಿಟ್ಟರು. ಮರುದಿನ ಟ್ರಕ್ಕನ್ನು ಒಳಗೂ ಹೊರಗೂ ತೊಳೆದರು. ಮಾರುವ ವಸ್ತುವನ್ನೇ ಹಾಗೆ ತೊಳೆಯುವುದು. ಸೋಮವಾರ ಹಗ್ಗ ಹಿಡಿಯುವವನು ಎಂದಿನಂತೆ ಬಾಗಿಲಿಗೆ ಬಂದು, "ವರ್ಕ್?" ಎಂದ. ಇವರು ಬೆನ್ನು ತಿರುಗಿಸಿ ಒಳಗೆ ಹೋದರು. ನಾನೇ ಅವನಿಗೆ ಉಪ್ಪಿಟ್ಟು ಹಾಕಿಕೊಟ್ಟೆ.

೫. ದೀಪದ ಮುಂದೆ

ಮನುಷ್ಯರಿಗೆ ಹೇಳಿ ಸಾಕಾಗಿ ದೇವರ ಹತ್ತಿರ ಹೋದೆ. ದಿನಾ ಸಂಜೆ ದೀಪ ಹಚ್ಚಿ ಕೈ ಮುಗಿದು ಬಿಡಿಸಿ ಹೇಳುತ್ತಿದ್ದೆ. ದೇವರಿಗೆ ಅರ್ಧಂಬರ್ಧ ಹೇಳಬಾರದು. "ಸ್ವಾಮಿ, ಒಂದು ಗಾಳಿ ಕಳಿಸು. ಒಂದು ಮರ ಬೀಳಿಸು, ದೊಡ್ಡದೇ ಇರಲಿ. ಯಾರಿಗೂ ಗಾಯ ಆಗಬಾರದು. ಆ ಮನೆಯವರಿಗೆ ಇನ್ಶೂರೆನ್ಸ್ ಇರಲಿ. ದಯವಿಟ್ಟು ನಮ್ಮ ಕೌಂಟಿಯಲ್ಲೇ, ನಮ್ಮ ಟ್ರಕ್ಕು ಹೋಗೋ ದೂರದಲ್ಲೇ ಬೀಳಿಸು." ಐದು ವರ್ಷದ ಮಗಳು ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು ಕೊನೆಗೆ "ಬಿಗ್ ಟ್ರೀ, ಪ್ಲೀಸ್" ಎಂದು ಸೇರಿಸುತ್ತಿದ್ದಳು.

ಫೆಬ್ರವರಿ ಕೊನೆಯ ವಾರ ಗಾಳಿ ಬಂತು. ಎಂಥ ಗಾಳಿ! ಬೆಳಿಗ್ಗೆ ಸ್ಕೂಲಿಗೆ ರಜಾ, ಅರ್ಧ ಊರಿಗೆ ಕರೆಂಟಿಲ್ಲ. ಎಂಟು ಗಂಟೆಗೆ ಫೋನು. ಸಂಕ್ರಾಂತಿ ಅಂಕಲ್.

"ಅಮ್ಮಾ, ಸ್ವಲ್ಪ ಅವರನ್ನ ಕಳಿಸ್ತೀರಾ? ಮರ ಬಿದ್ದಿದೆ."

ಗೊತ್ತಿದ್ದೇ ಕೇಳಿದೆ. "ಯಾವ ಮರ ಅಂಕಲ್?"

"ಅದೇ... ಅಣಬೆದು."

"ಸ್ಪ್ರಿಂಗ್ ಇನ್ನೂ ಬಂದಿಲ್ವಲ್ಲ ಅಂಕಲ್," ಎಂದೆ. ಇಷ್ಟು ದಿನ ಕಾದವಳು ಅಷ್ಟೂ ಅನ್ನಬಾರದೇ?

ಮಗಳನ್ನೂ ಹಗ್ಗ ಹಿಡಿಯುವವನನ್ನೂ ಕರೆದುಕೊಂಡು ಟ್ರಕ್ಕಿನಲ್ಲೇ ಹೋದೆವು. ಓಕ್ ಮರ ಗ್ಯಾರೇಜಿನ ಮೇಲೆ ಅಡ್ಡ ಮಲಗಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಕಾರಿಗೂ ಇಲ್ಲ, ಏಕೆಂದರೆ ಕಾರು ಯಾವತ್ತೂ ಹೊರಗೇ. ಗ್ಯಾರೇಜಿನ ತುಂಬ ಅಂಕಲ್ ಅಮೆರಿಕಕ್ಕೆ ಬಂದಾಗಿನಿಂದ ಎಸೆಯದೆ ಇಟ್ಟಿದ್ದ ಖಾಲಿ ಟಿವಿ ಡಬ್ಬ, ಮೈಕ್ರೋವೇವ್ ಡಬ್ಬ. ಮರವನ್ನು ತಡೆದು ನಿಲ್ಲಿಸಿದ್ದು ಅವೇ.

ಇವರು ಹಗ್ಗ ಕಟ್ಟಿಕೊಂಡು ಮೇಲೆ ಹೋದರು. ಮಷೀನಿನ ಸದ್ದಿಗೆ ಇಡೀ ಬೀದಿ ಬಂದು ನಿಂತಿತು. ಹತ್ತು ನಿಮಿಷ ಇವರನ್ನು ನೋಡಿದರು, ಆಮೇಲೆ ಒಬ್ಬೊಬ್ಬರೂ ತಿರುಗಿ ತಮ್ಮ ತಮ್ಮ ಮರ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಕಾರ್ಡು ಕೇಳಿದರು. ಮಧ್ಯಾಹ್ನದೊಳಗೆ ಕಾರ್ಡು ಖಾಲಿ. ಮಗಳ ಬಣ್ಣದ ಪುಸ್ತಕದ ಹಾಳೆ ಹರಿದು ನಂಬರ್ ಬರೆದುಕೊಟ್ಟೆ. ಏಪ್ರಿಲ್‌ವರೆಗೆ ಕೆಲಸ. ನಮ್ಮವರು ಮೈತುಂಬ ಮರದ ಪುಡಿ ಮೆತ್ತಿಕೊಂಡು ಇಳಿದು, ಅಂಕಲ್ ಫೋನಿನಿಂದಲೇ ಆಶ್‌ಬರ್ನ್‌ಗೆ ಮಾತಾಡಿದರು. "ಭಾವ, ನನಗೆ ಬರೋಕಾಗಲ್ಲ. ಇಲ್ಲಿ ಬಿಡುವಿಲ್ಲ." ಆ 'ಬಿಡುವಿಲ್ಲ' ಎನ್ನುವಾಗ ಅವರ ಮುಖ ನೋಡಬೇಕಿತ್ತು. ಹಗ್ಗ ಹಿಡಿಯುವವನು ನನ್ನತ್ತ ತಿರುಗಿ, "ವರ್ಕ್!" ಎಂದು ಹಲ್ಲು ಬಿಟ್ಟ.

ಸಂಜೆ ಆಂಟಿ ಎಲ್ಲರಿಗೂ ಕಾಫಿ ತಂದರು. "ದಿನಾ ದೇವರಿಗೆ ದೀಪ ಹಚ್ಚೋ ಮನೆ ನಮ್ಮದು," ಎಂದು ಕಣ್ಣೊರೆಸಿಕೊಂಡರು. "ಯಾರು ಏನು ಕೇಳಿಕೊಂಡ್ರೋ ಏನೋ, ನಮ್ಮ ಮನೆ ಮೇಲೇ ಬೀಳಬೇಕಾ?"

ನನಗೆ ರೇಗಿತು. ಒಂದೂವರೆ ತಿಂಗಳ ಸಿಟ್ಟು ಒಟ್ಟಿಗೆ ಬಂತು. "ಯಾರು ಏನು ಕೇಳಿಕೊಳ್ಳಬೇಕು ಆಂಟಿ? ಬೇರು ಕೊಳೆತಿದೆ ಅಂತ ಅವತ್ತೇ ಹೇಳಿದ್ರು. ಅಣಬೆ ತೋರಿಸಿದ್ರು. ನೀವು ಪಲಾವಿಗೆ ಕೇಳಿದ್ರಿ! ಇದಕ್ಕೆ ದೇವರನ್ನ ಯಾಕೆ ಎಳೀತೀರಿ? ದೇವರಿಗೆ ಬೇರೆ ಕೆಲಸ ಇಲ್ವಾ?" ಬೀದಿಯವರೆಲ್ಲ ನೋಡುತ್ತಿದ್ದರು. ಅಂಕಲ್ ತಲೆ ತಗ್ಗಿಸಿದರು. ನಾನು ಉಸಿರು ತೆಗೆದುಕೊಂಡು ಇನ್ನೂ ಮುಂದುವರಿಸುವವಳಿದ್ದೆ.

ಅಷ್ಟರಲ್ಲಿ ಮಗಳು ಸೆರಗು ಜಗ್ಗಿದಳು. ನನ್ನ ಮಾತಿನ ಮಧ್ಯೆ ಬರಬೇಡ ಎಂದು ಎಷ್ಟು ಸಲ ಹೇಳಿದ್ದೇನೆ! ಅವಳ ಪ್ರಶ್ನೆ ಕೇಳಿ ಆಂಟಿಯ ಕೈಯಲ್ಲಿ ಕಾಫಿ ಲೋಟ ಹಾಗೇ ನಿಂತಿತು, ಅಂಕಲ್ ತಲೆ ಎತ್ತಿದರು. ಹಗ್ಗ ಸುತ್ತುತ್ತಿದ್ದ ನಮ್ಮವರು ಕೂಡ ತಿರುಗಿ ನೋಡಿದರು. ಅವಳು ಕೇಳಿದ್ದು ಇಷ್ಟೇ:

"ಅಮ್ಮಾ, ನೀನು ಡೈಲಿ ದೇವರ ಹತ್ರ ಬೀಳಿಸು ಬೀಳಿಸು ಅಂತ ಕೇಳ್ತಿದ್ದಿದ್ದು ಈ ಟ್ರೀನೇನಾ?"