ಮೂರು ತೋಟಗಳ ಶೃಂಗಸಭೆ

ಗೊತ್ತಿಲ್ಲದ ವಿಷಯವನ್ನು ಪಾಠ ಮಾಡುವುದು ನೀವು ತಿಳಿದಷ್ಟು ಕಷ್ಟವಲ್ಲ. ಮುಖವನ್ನು ಗಂಭೀರವಾಗಿಟ್ಟುಕೊಂಡು ನೋಟ್ಸ್ ಬರೆಸಿದರೆ ಆಯಿತು. ಕಷ್ಟ ಬರುವುದು ಆ ಪಾಠ ಮನೆಯವರ ಕಿವಿಗೆ ಬಿದ್ದಾಗ. ತುರುವೇಕೆರೆಯ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ‘ಪ್ರಾದೇಶಿಕ ಒಕ್ಕೂಟದ ದೇಶಗಳು ಎದುರಿಸುತ್ತಿರುವ ಭದ್ರತಾ, ಆರ್ಥಿಕ ಮತ್ತು ರಾಜಕೀಯ ಸವಾಲುಗಳು’ ಎಂಬ ಪಾಠವನ್ನು ಪ್ರತಿವರ್ಷ ಒಂದೇ ಹಳದಿ ಹಾಳೆಯಿಂದ ಓದಿ ಬರೆಸುತ್ತಿದ್ದೆ. ಅಕ್ಕಪಕ್ಕದ ದೇಶಗಳು ಯಾಕೆ ಕಚ್ಚಾಡುತ್ತವೆ, ಕೂತು ಮಾತಾಡಿದರೆ ಎಲ್ಲವೂ ಹೇಗೆ ಸರಿಹೋಗುತ್ತದೆ ಎನ್ನುವುದೆಲ್ಲ ನನಗೆ ಬಾಯಿಪಾಠ. ನನ್ನ ಸ್ವಂತ ಅನುಭವದಲ್ಲಿ ದಾಟಿದ ಗಡಿ ಒಂದೇ, ಮದುವೆಯೊಂದಕ್ಕೆ ಆಂಧ್ರದ ಹಿಂದೂಪುರಕ್ಕೆ ಹೋದಾಗಿನದು. ಬಸ್ಸಿನಲ್ಲಿ ನಿದ್ದೆ ಹೋಗಿದ್ದರಿಂದ ಅದೂ ಕಣ್ಣಿಗೆ ಬೀಳಲಿಲ್ಲ.

ತೆಂಗಿಗೆ ನುಸಿ ಬಂದ ಕಾಲ ಅದು. ಕಂದಿಕೆರೆ ಕಡೆ ನನ್ನ ಹೆಂಡತಿ ಶಾರದೆಗೆ ತವರಿನಿಂದ ಬಂದ ಅರವತ್ತು ಮರದ ತೋಟವಿದೆ, ನಮ್ಮ ವಾಸವೂ ಅಲ್ಲೇ. ಅದರ ಮೇಲೆ ಅವಳಿಗೆ ನನ್ನ ಮೇಲಿರುವುದಕ್ಕಿಂತ ಹೆಚ್ಚು ಅಕ್ಕರೆ. ಅದು ನ್ಯಾಯವೂ ಹೌದು, ಮರಗಳು ಎದುರು ಮಾತಾಡುವುದಿಲ್ಲ. ಆ ವರ್ಷ ಎಳೆಗಾಯಿಗಳ ಮೇಲೆಲ್ಲ ಕಂದು ಕಲೆ ಬಿದ್ದು, ಸಿಪ್ಪೆ ಬಿರಿದು, ಕಾಯಿ ನಿಂಬೆಹಣ್ಣಿನಷ್ಟಾಗುವ ಹೊತ್ತಿಗೇ ಉದುರತೊಡಗಿದವು. ಒಂದು ಸಂಜೆ ಅಂಥ ಕಾಯಿಗಳನ್ನು ಮಡಿಲಲ್ಲಿ ತುಂಬಿಕೊಂಡು ಬಂದು ಅವಳು ಜಗಲಿಯ ಮೇಲೆ ಸುಮ್ಮನೆ ಕೂತಳು. ಅವಳು ಸುಮ್ಮನೆ ಕೂತಿದ್ದನ್ನು ನಾನು ಅಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಹೆದರಿಕೆಯಾಯಿತು.

ತೋಟಗಾರಿಕೆಯವರು ಬಂದು ನೋಡಿ, ಬೇರಿನ ಮೂಲಕ ಔಷಧ ಕೊಡಲು ಹೇಳಿದರು. ಎಳೆ ಬೇರನ್ನು ಓರೆಯಾಗಿ ಕೊಯ್ದು ಔಷಧದ ಪೊಟ್ಟಣದೊಳಗೆ ಇಳಿಸಿ ಕಟ್ಟಬೇಕು. ಆದರೆ ನುಸಿ ಗಾಳಿಯಲ್ಲಿ ಬರುವಂಥದ್ದು, ಬೇಲಿ ಲೆಕ್ಕಕ್ಕಿಡುವುದಿಲ್ಲ. ಅಕ್ಕಪಕ್ಕದ ತೋಟದವರೆಲ್ಲ ಒಂದೇ ವಾರದಲ್ಲಿ ಕೊಡದಿದ್ದರೆ ನೀವೊಬ್ಬರೇ ಕೊಟ್ಟು ಸುಖವಿಲ್ಲ ಎಂದು ಹೇಳಿ ಹೋದರು. ಶಾರದೆ ನನ್ನ ಕಡೆ ತಿರುಗಿದಳು. “ಕಾಲೇಜಲ್ಲಿ ದೇಶ ದೇಶಗಳನ್ನೇ ಒಂದು ಮಾಡ್ತೀರಂತೆ. ಮೂರು ತೋಟ ಒಂದು ಮಾಡಿ ನೋಡಣ.”

ಆ ಮೂರರಲ್ಲಿ ನಮ್ಮದು ಬಿಟ್ಟರೆ ಒಂದು ರಂಗಪ್ಪನದು, ಇನ್ನೊಂದು ಸಿದ್ದಣ್ಣನದು. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ಬದುವಿನ ಮೇಲಿನ ಒಂದು ಡೊಂಕು ಮರ. ಬುಡ ರಂಗಪ್ಪನ ನೆಲದಲ್ಲಿ, ತಲೆ ಸಿದ್ದಣ್ಣನ ತೋಟದಲ್ಲಿ. ನೀರು ಕುಡಿಸುವವನು ರಂಗಪ್ಪ, ಕಾಯಿ ಬೀಳುವುದು ಸಿದ್ದಣ್ಣನ ಕಡೆಗೆ. ಇಬ್ಬರನ್ನೂ ನಮ್ಮ ಪಂಪ್‌ಹೌಸಿನ ನೆರಳಿಗೆ ಕರೆದು, ಮಜ್ಜಿಗೆ ಕೊಟ್ಟು, ನಾನು ಎದ್ದು ನಿಂತು ಭದ್ರತೆ, ಆರ್ಥಿಕತೆ, ರಾಜಕೀಯ ಎಂದು ಮೂರು ಭಾಗ ಮಾಡಿ ಮಾತಾಡಿದೆ. ಮಧ್ಯದಲ್ಲಿ ರಂಗಪ್ಪ ಎರಡು ಸಲ ಆಕಳಿಸಿದ. ಮೊದಲ ಸಾಲಿನ ಹುಡುಗರು ಹೀಗೇ ಮಾಡುತ್ತಾರಾದ್ದರಿಂದ ನನಗೆ ಬೇಸರವಾಗಲಿಲ್ಲ.

ಔಷಧಕ್ಕೆ ಇಬ್ಬರೂ ತಕ್ಷಣ ಒಪ್ಪಿದರು. ಗಂಟು ಬಿದ್ದಿದ್ದು ಡೊಂಕು ಮರದಲ್ಲಿ. ಅದಕ್ಕೆ ಔಷಧ ಕಟ್ಟಿದವನೇ ಅದರ ಯಜಮಾನ ಎಂದಾಗಿಬಿಡುತ್ತದಲ್ಲ, ಆದ್ದರಿಂದ ಇನ್ನೊಬ್ಬ ಕಟ್ಟಕೂಡದು ಎಂದು ಇಬ್ಬರದೂ ಹಟ. ಆ ಒಂದು ಮರ ಬಿಟ್ಟರೆ ನುಸಿ ಮತ್ತೆ ಮೂರು ತೋಟಕ್ಕೂ ಹರಡುವುದು ಖಂಡಿತ. ಮಾತು ಬಿಟ್ಟವರಾದ್ದರಿಂದ ಮೂರು ಅಡಿ ದೂರದಲ್ಲಿ ಕೂತಿದ್ದರೂ ಎಲ್ಲವೂ ನನ್ನ ಮೂಲಕವೇ ಹೋಗಬೇಕಿತ್ತು. “ಮೇಷ್ಟ್ರೇ, ಆವಯ್ಯಂಗೆ ಹೇಳಿ, ಅವನು ನನ್ನ ಮರ ಮುಟ್ಟಿದ್ರೆ ಕೈ ಮುರೀತೀನಿ ಅಂತ,” ಎಂದ ರಂಗಪ್ಪ. ಕನ್ನಡದಿಂದ ಕನ್ನಡಕ್ಕೆ ಅನುವಾದ ಮಾಡುವುದು ಸುಲಭ ಎಂದುಕೊಂಡಿದ್ದೆ. ಆದರೆ ಓದಿದವನಾಗಿ ಹಾಗೆಯೇ ಹೇಳಲು ಮನಸ್ಸು ಬರಲಿಲ್ಲ. “ಸಿದ್ದಣ್ಣನವರೇ, ನಿಮಗೆ ಯಾಕೆ ತೊಂದರೆ, ಆ ಶ್ರಮವನ್ನು ರಂಗಪ್ಪನವರೇ ವಹಿಸಿಕೊಳ್ಳುತ್ತಾರಂತೆ,” ಎಂದೆ.

ಸಿದ್ದಣ್ಣ ನನ್ನನ್ನು ಅನುಮಾನದಿಂದ ನೋಡಿದ. “ಅಂಗಾದ್ರೆ ಹೇಳಿ, ಅವನಂಥ ಕಳ್ಳ ಈ ಸೀಮೇಲೇ ಇಲ್ಲ ಅಂತ.”

“ರಂಗಪ್ಪನವರೇ, ನಿಮ್ಮಂಥವರು ಈ ಸೀಮೆಯಲ್ಲೇ ಅಪರೂಪ ಅನ್ನುತ್ತಿದ್ದಾರೆ,” ಎಂದೆ.

ರಂಗಪ್ಪ ಮಜ್ಜಿಗೆಯ ಲೋಟ ಕೆಳಗಿಟ್ಟ. ನನ್ನನ್ನು ಬಿಟ್ಟು ಪಕ್ಕಕ್ಕೆ ತಿರುಗಿದ. “ಲೇ ಸಿದ್ದ, ನೀನು ಅಂಗಂದೇನ್ಲಾ?”

“ಇಲ್ಲ ಕಣ್ಲಾ. ಕಳ್ಳ ಅಂದೆ.”

“ನಂಗೂ ಅಂಗೇ ಕೇಳುಸ್ತು. ನಾನು ಕೈ ಮುರೀತೀನಿ ಅಂದಿದ್ದು, ಶ್ರಮ ಗಿಮ ಏನೂ ಅನ್ಲಿಲ್ಲ.”

“ಗೊತ್ತು ಬುಡು. ಈ ಮೇಷ್ಟ್ರು ಇಬ್ರ ಮಾತ್ನೂ ಕೆಡುಸ್ತಾವ್ರೆ.”

ಹನ್ನೊಂದು ವರ್ಷದ ಮೇಲೆ ಅವರಿಬ್ಬರ ಬಾಯಿಂದ ನೇರವಾಗಿ ಬಂದ ಮಾತು ಇದು. ಪಂಪ್‌ಹೌಸಿನ ಬಾಗಿಲ ಬಳಿ ನಿಂತಿದ್ದ ಶಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವರು ನನ್ನ ಮೇಲಿನ ದೂರುಗಳನ್ನು ಮುಗಿಸುವುದರೊಳಗೆ ಮಜ್ಜಿಗೆ ಇನ್ನೊಂದು ಸುತ್ತು ಬಂತು. ಆಮೇಲೆ ನನ್ನ ಅಪ್ಪಣೆ ಕೇಳದೆಯೇ ಎದ್ದು ಬದುವಿನ ಕಡೆ ಹೋದರು. ಬೇರನ್ನು ರಂಗಪ್ಪ ಕೊಯ್ದ, ಪೊಟ್ಟಣವನ್ನು ಸಿದ್ದಣ್ಣ ಕಟ್ಟಿದ. ಯಜಮಾನ ಯಾರು ಎನ್ನುವುದು ಇತ್ಯರ್ಥವಾಗಲಿಲ್ಲ. ಮರಕ್ಕೆ ಅದರಿಂದ ತೊಂದರೆಯೂ ಆಗಲಿಲ್ಲ.

ಆ ವಾರ ಮೂರು ತೋಟಕ್ಕೂ ಔಷಧ ಬಿತ್ತು. ಕೆಲವು ತಿಂಗಳಲ್ಲಿ ಹೊಸದಾಗಿ ಒಡೆದ ಗೊನೆಗಳಲ್ಲಿ ಕಾಯಿ ಹಸಿರಾಗಿ, ಕಲೆಯಿಲ್ಲದೆ ನಿಂತವು. ಶಾರದೆ ಮರದ ಕೆಳಗೆ ನಿಂತು ಕತ್ತೆತ್ತಿ ನೋಡುತ್ತ ಒಂದೊಂದೇ ಗೊನೆಯನ್ನು ನನಗೆ ತೋರಿಸಿದಳು. ನನಗೆ ನಿಜಕ್ಕೂ ಸಂತೋಷವಾಯಿತು. ಗೆದ್ದೆವು ಎಂದು ಕೂಗಬೇಕೆನಿಸಿತು. ಕಾಲೇಜಿನಲ್ಲಿ ಈ ವಿಜಯವನ್ನು ನನ್ನದೇ ಎಂಬಂತೆ ವರ್ಣಿಸಿಯೂ ಬಿಟ್ಟೆ.

ಎರಡನೆಯ ಸುತ್ತಿನ ಔಷಧಕ್ಕೆ ಮತ್ತೆ ಸಭೆ ಸೇರಬೇಕಿತ್ತು. ಆ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಈ ಸಲ ಐದು ಭಾಗ ಮಾಡಿ ಬರೆದಿದ್ದ ಭಾಷಣವನ್ನು ಜೇಬಿಗಿಟ್ಟುಕೊಂಡು ಹೊರಟೆ. ಶಾರದೆ ಆಗಲೇ ಚಪ್ಪಲಿ ಮೆಟ್ಟಿ ನಿಂತಿದ್ದಳು.

“ನೀವು ಬರೋದು ಬೇಡ್ವಂತೆ ಕಣ್ರೀ. ನಮ್ಮ ತೋಟದ ಪರವಾಗಿ ನಾನು ಹೋದ್ರೆ ಸಾಕಂತೆ. ಬೆಳಿಗ್ಗೆ ಇಬ್ರೂ ಬಂದು ಹೇಳಿ ಹೋದ್ರು.”

“ಇಬ್ಬರೂ ಒಟ್ಟಿಗೇ ಬಂದಿದ್ದರೇ?”

“ಒಂದೇ ಮೊಪೆಡ್ಡಲ್ಲಿ. ಸಿದ್ದಣ್ಣ ಓಡುಸ್ತಿದ್ರು, ರಂಗಪ್ಪ ಹಿಂದೆ ಕೂತಿದ್ರು.”

ಇಂಥ ಒಗ್ಗಟ್ಟು ಯಾವ ಒಕ್ಕೂಟಕ್ಕೆ ಸಾಧ್ಯವಾಗಿದೆ ಹೇಳಿ. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅವಳು ಹೇಳಿಹೋದಂತೆ ಅನ್ನಕ್ಕೆ ಎಸರಿಟ್ಟೆ.